ಎಲ್ಲಿಗೆ ಎಂದರೆ

ತಿಳಮಾತಿಗೆ ಇಳಿಯುವ ಗುಡ್ಡದ ಕಾಲುದಾರಿಯಲ್ಲಿ
ಮೊಣಕಾಲು ಹಿಡಿದು ನಿಂತಿದ್ದೇನೆ, ಅರವತ್ಮೂರರ ನಾನು.
ಮುಂದೆ ತಮ್ಮನ ಮೊಮ್ಮಗಳು ಮಿಥಿಲಾ
ಮೊಬೈಲನ್ನು ಗಾಳಿಗೆ ದೀಪ ಹಿಡಿದ ಹಾಗೆ ಹಿಡಿದು
"ಇನ್ನು ಹನ್ನೊಂದು ಮೀಟರ್ ಅಜ್ಜಿ, ಎಡಕ್ಕೆ" ಅನ್ನುತ್ತಾಳೆ.

ಎಡಕ್ಕಿರುವುದು ಕಾರೆಮುಳ್ಳು, ಒಂದು ಬಂಡೆ,
ಬಂಡೆಯ ಸಂದಿಯಲ್ಲಿ ಕೆಂಪಿರುವೆ.
ಉಪಗ್ರಹಕ್ಕೆ ಇರುವೆ ಕಾಣುವುದಿಲ್ಲ. ನನಗೆ ಕಚ್ಚಿತು.
ಕೈ ಇನ್ನೂ ಒಳಗೆ ಹಾಕಿದೆ.

ಸುಣ್ಣದ ಡಬ್ಬಿಗಿಂತ ದೊಡ್ಡದು, ಊಟದ ಡಬ್ಬಿಗಿಂತ ಸಣ್ಣದು.
ಒಂದು ಕವಡೆ, ಕೊಂಡಿ ಮುರಿದ ಕೀಚೈನು, ಕಾಣಕೋಣದ ಬಸ್ ಟಿಕೀಟು,
ಮೊಂಡು ಪೆನ್ಸಿಲ್, ಸುರುಳಿ ಸುತ್ತಿದ ಕಾಗದ,
ಕಾಗದದ ತುಂಬ ಬಂದು ಹೋದವರ ಹೆಸರು, ತಾರೀಖು.
ಇಷ್ಟೇನಾ ನಿಧಿ, ಅಂದೆ.
ಇಷ್ಟೇ. ಸಿಕ್ಕಿತಲ್ಲ?

ಮೂವತ್ತಾರು ವರ್ಷ ಅಂಚೆ ಕಚೇರಿಯ ಕಿಟಕಿಯೊಳಗೆ ಕೂತು
ಊರವರ ವಿಳಾಸಕ್ಕೆ ಮುದ್ರೆ ಒತ್ತಿದವಳು ನಾನು.
ವಿಳಾಸವೆಂದರೆ ಮನೆ, ಕೇರಿ, ಪಿನ್‌ಕೋಡು.
ಬಂಡೆಗೂ ಒಂದು ವಿಳಾಸ ಇರುತ್ತದೆಂದು
ಯಾವ ಪೋಸ್ಟ್‌ಮಾಸ್ತರನೂ ಹೇಳಲಿಲ್ಲ.

ಈ ಆಟ ಆಗಲೇ ಇದ್ದಿದ್ದರೆ!
ಕಾಳಿಗೆ ಸೇತುವೆ ಇಲ್ಲದ ಕಾಲಕ್ಕೆ,
ಲಾಂಚಿನ ಸಿಳ್ಳೆ ಕೇಳಿದ್ದೇ ದತ್ತಾರಾಮ ಚಡ್ಡಿ ಕೊಡವಿ
ಕೋಡಿಬಾಗದ ಧಕ್ಕೆಗೆ ಓಡುತ್ತಿದ್ದನಲ್ಲ, ಆ ಕಾಲಕ್ಕೆ.
ನನಗಿಂತ ಎರಡು ವರ್ಷ ಚಿಕ್ಕವನು.
ಅವನನ್ನು ಯಾರೂ ಎಲ್ಲಿಗೆ ಎನ್ನಲಿಲ್ಲ.
ನನಗೆ ಮಾತ್ರ ಆ ಪ್ರಶ್ನೆ ಹೊಸ್ತಿಲಲ್ಲೇ ಕೂತಿರುತ್ತಿತ್ತು,
ಬೆಕ್ಕಿನ ಹಾಗೆ, ಕಾಲಿಗೆ ತೊಡರಿ.

ಎಲ್ಲಿಗೆ ಎಂದರೆ ಬಾವಿಗೆ. ಎಲ್ಲಿಗೆ ಎಂದರೆ ಗಿರಣಿಗೆ.
ಎಲ್ಲಿಗೆ ಎಂದರೆ ಬೈತಖೋಲಕ್ಕೆ, ಬಂಗಡೆ ಇವತ್ತು ಅಗ್ಗವಂತೆ.
ಸುಮ್ಮನೆ
ಎಂದರೆ ಮಾತ್ರ ಬಾಗಿಲು ಮುಚ್ಚಿತು.

ಒಂದು ಡಬ್ಬಿ ಇದ್ದಿದ್ದರೆ ಹೇಳುತ್ತಿದ್ದೆ:
ಆಯೀ, ಸದಾಶಿವಗಡದ ಮೇಲೆ ನನ್ನದೊಂದು ಕೆಲಸ ಇದೆ,
ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು,
ಬೇಕಾದರೆ ಭೂಗೋಳದ ಮಾಸ್ತರರನ್ನು ಕೇಳು.
ಗುಡ್ಡೆಹಳ್ಳಿ ಏರಿ, ಕೆಳಗೆ ಇಡೀ ಕಾರವಾರ
ಒಣಗಲು ಹರವಿದ ಬಲೆಯಾಗಿ ಕಂಡಾಗ
ಬಂದಿದ್ದೆ ಎಂದು ಬರೆದಿಡುತ್ತಿದ್ದೆ.
ಆಗ ಮೊಣಕಾಲು ಹೊಸದು. ಹೊಸದಾಗೇ ಉಳಿಸಿದರು,
ಪೆಟ್ಟಿಗೆಯಲ್ಲಿಟ್ಟ ಸೀರೆಯ ಹಾಗೆ.

ಸುಳ್ಳು ಯಾಕೆ, ಒಂದನ್ನು ನಾನೂ ಬಚ್ಚಿಟ್ಟಿದ್ದೆ.
ಅರ್ಗಾದಲ್ಲಿ, ಚಿಕ್ಕಮ್ಮನ ಹಿತ್ತಲಾಚೆ,
ಸಮುದ್ರಕ್ಕೆ ವಾಲಿದ ಸುರಹೊನ್ನೆಯ ಬುಡದಿಂದ ಒಂಬತ್ತು ಹೆಜ್ಜೆ.
ತಗಡಿನ ಪೌಡರ್ ಡಬ್ಬಿ. ಒಳಗೆ ನೀಲಿ ಬಳೆಚೂರು,
ಹತ್ತು ಪೈಸೆ, ಮತ್ತೆ ಚೀಟಿ:
ಶೇವಂತಿ ವಿಠೋಬಾ ತಾಂಡೇಲ, ಏಳನೇ ಇಯತ್ತೆ.
ಯಾರಾದರೂ ಹುಡುಕಲಿ ಎಂದಿತ್ತು.
ಹುಡುಕಬೇಕೆಂದು ಯಾರಿಗೂ ಹೇಳಿರಲಿಲ್ಲ.

ಆಮೇಲೆ ನೌಕಾನೆಲೆ ಬಂತು. ಬೇಲಿ ಬಂತು.
ಚಿಕ್ಕಮ್ಮನಿಗೆ ಬೇರೆ ಕಡೆ ಜಾಗ ಸಿಕ್ಕಿತು,
ಸುರಹೊನ್ನೆಗೆ ಸಿಗಲಿಲ್ಲ.

ಮಿಥಿಲಾ ನಕ್ಷೆ ಸರಿಸಿ ನೋಡಿ ತಲೆಯಾಡಿಸಿದಳು.
"ಅಲ್ಲಿ ಇಡೋ ಹಾಗಿಲ್ಲ ಅಜ್ಜಿ."
ಇಟ್ಟಾಗಿದೆ ಮಗಾ, ಎಪ್ಪತ್ನಾಲ್ಕರಲ್ಲೇ.
ಸಂಖ್ಯೆ ಬರೆದಿಟ್ಟಿಲ್ಲ, ಅಷ್ಟೇ.
ಒಂಬತ್ತು ಹೆಜ್ಜೆ. ಅದೂ ಆಗಿನ ಕಾಲಿನದು.

ಪೆನ್ಸಿಲಿನ ಮೊನೆಯನ್ನು ಹಲ್ಲಿನಲ್ಲಿ ಕೆತ್ತಿಕೊಂಡು
ಪೂರ್ತಿ ಹೆಸರು ಬರೆದೆ, ತಂದೆಯ ಹೆಸರು ಬಿಟ್ಟು.
ಅಷ್ಟರಲ್ಲಿ ಫೋನು. ದತ್ತಾರಾಮ.
ಎಲ್ಲಿದ್ದೀ ಅಕ್ಕಾ, ಎರಡು ತಾಸಾಯಿತು?

ಹೇಳುವ ಹಾಗಿಲ್ಲ, ಅಂದೆ,
ಜಾಗ ಹೇಳಿದರೆ ಆಟ ಕೆಡುತ್ತದೆ.

ಡಬ್ಬಿಯನ್ನು ಸಂದಿಗೆ ಮರಳಿಸಿದೆವು.
ಇರುವೆಗಳು ಅದನ್ನು ಬಳಸಿ ಹೋಗುವ ದಾರಿ ಹುಡುಕತೊಡಗಿದವು.
ಕೆಳಗೆ ಎಳ್ಳು ಚೆಲ್ಲಿದಂಥ ಕರಿಮರಳು. ಇನ್ನೂ ಇಳಿಯಬೇಕು.